ಯಂತ್ರವು ಸಾಂತ್ವನ ಹೇಳಬಲ್ಲುದೆ?

ರೋಗವು ದೇಹವನ್ನು ಬಾಧಿಸುವುದಕ್ಕೆ ಮೊದಲೇ ಅದರ ಹೆಸರು ಮನಸ್ಸನ್ನು ಬಾಧಿಸುವುದುಂಟು. ಪ್ಲೇಗು, ಸಿಡುಬು, ಕುಷ್ಠ, ಕ್ಷಯ ಎಂಬ ಹೆಸರುಗಳು ನಮ್ಮ ಹಿರಿಯರ ಕಾಲದಲ್ಲಿ ಯಾವ ನಡುಕವನ್ನು ಹುಟ್ಟಿಸುತ್ತಿದ್ದುವೋ ಅದೇ ನಡುಕವನ್ನು ನಮ್ಮ ಕಾಲದಲ್ಲಿ ಹುಟ್ಟಿಸುವ ಹೆಸರು ಎಚ್.ಐ.ವಿ. ಎಂಬುದು. ರಕ್ತಪರೀಕ್ಷೆಯ ಫಲವನ್ನು ಕೇಳಿ ಹೊರಕ್ಕೆ ಬಂದ ವ್ಯಕ್ತಿಯ ದೇಹದಲ್ಲಿ ಹಿಂದಿನ ದಿನಕ್ಕೂ ಆ ದಿನಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಇರುವುದಿಲ್ಲ; ಆದರೆ ಆ ವ್ಯಕ್ತಿ ನಡೆದುಹೋಗುವ ಬೀದಿಯೇ ಬೇರೆಯಾಗಿ ಕಾಣುತ್ತದೆ. ಆಪ್ತಸಮಾಲೋಚಕರು ಹೇಳಿದ ಹತ್ತು ಮಾತುಗಳಲ್ಲಿ ಎಂಟು ಕಿವಿಗೆ ಬಿದ್ದರೂ ಮನಸ್ಸಿಗೆ ಇಳಿದಿರುವುದಿಲ್ಲ. ಸಂಜೆ ಕೇಂದ್ರದ ಬಾಗಿಲು ಮುಚ್ಚುತ್ತದೆ. ರಾತ್ರಿ ಮನೆಯವರೆಲ್ಲರೂ ಮಲಗಿದ ಮೇಲೆ ಪ್ರಶ್ನೆಗಳು ಒಂದೊಂದಾಗಿ ಏಳುತ್ತವೆ. ನಾನು ಎಷ್ಟು ದಿನ ಬದುಕಿಯೇನು? ಮಕ್ಕಳನ್ನು ಮುಟ್ಟಬಹುದೆ? ಯಾರಿಗೆ ಹೇಳಲಿ, ಹೇಗೆ ಹೇಳಲಿ? ಉತ್ತರ ಕೊಡತಕ್ಕವರು ಯಾರೂ ಹತ್ತಿರದಲ್ಲಿಲ್ಲ. ಕೈಯಲ್ಲಿರುವುದು ಒಂದು ಮೊಬೈಲ್ ಫೋನು ಮಾತ್ರ.

ಈ ಫೋನಿನ ಒಳಗೇ ಒಬ್ಬ ಉತ್ತರ ಹೇಳುವವನನ್ನು ಇಟ್ಟರೆ ಹೇಗೆ? ವಾಟ್ಸ್‌ಆ್ಯಪಿನಂತಹ ಸಂದೇಶ ಸೇವೆಗಳ ಮೂಲಕ ಬರೆದು ಕೇಳಿದ ಪ್ರಶ್ನೆಗೆ ಬರೆದೇ ಉತ್ತರಿಸುವ ಸಂವಾದಯಂತ್ರಗಳು, ಎಂದರೆ ಚಾಟ್‌ಬಾಟ್‌ಗಳು, ಈಗ ಬಳಕೆಗೆ ಬಂದಿವೆ. ಎಚ್.ಐ.ವಿ. ಸೋಂಕು ಹೊಸದಾಗಿ ಪತ್ತೆಯಾದವರಿಗೆ ಇವುಗಳಿಂದ ಆಸರೆ ದೊರಕಿಸಬಹುದೆಂದು ಅನೇಕ ದೇಶಗಳಲ್ಲಿ ಸಂಶೋಧಕರೂ ಸೇವಾಸಂಸ್ಥೆಗಳೂ ಯೋಚಿಸುತ್ತಿದ್ದಾರೆ. ಯಂತ್ರವನ್ನು ಕಂಡೊಡನೆ ಹಿಗ್ಗುವವರೂ ಇದ್ದಾರೆ, ಹೌಹಾರುವವರೂ ಇದ್ದಾರೆ. ನಾವು ಈ ಎರಡು ಗುಂಪಿಗೂ ಸೇರದೆ, ಇದುವರೆಗೆ ನಡೆದಿರುವ ಪ್ರಯೋಗಗಳು ಏನು ಹೇಳುತ್ತವೆಂಬುದನ್ನು ನೋಡಿ, ನಮ್ಮ ಅಭಿಪ್ರಾಯವನ್ನು ವಾಚಕರ ಮುಂದೆ ಇಡಬಯಸುತ್ತೇವೆ.

ಮೊದಲು ರೋಗದ ಇತಿಹಾಸವನ್ನು ಸಂಕ್ಷೇಪವಾಗಿ ನೆನೆಯೋಣ. ೧೯೮೧ರ ಜೂನ್ ತಿಂಗಳಲ್ಲಿ ಅಮೆರಿಕದ ಲಾಸ್ ಏಂಜಲಿಸ್ ನಗರದ ಐವರು ಯುವಕರ ವಿಚಿತ್ರ ಕಾಯಿಲೆಯ ವರದಿ ಪ್ರಕಟವಾಯಿತು. ೧೯೮೩ರಲ್ಲಿ ಪ್ಯಾರಿಸಿನ ಪಾಶ್ಚರ್ ಸಂಸ್ಥೆಯಲ್ಲಿ ಫ್ರಾನ್ಸ್ವಾಸ್ ಬಾರೆ-ಸಿನೂಸಿ ಮತ್ತು ಲುಕ್ ಮಾಂಟಾನ್ಯೇ ಇದರ ಕಾರಣವಾದ ವೈರಸ್ಸನ್ನು ಬೇರ್ಪಡಿಸಿದರು. ಇದಕ್ಕಾಗಿ ಅವರಿಗೆ ೨೦೦೮ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ನಮ್ಮ ದೇಶದಲ್ಲಿ ಈ ಸೋಂಕನ್ನು ಮೊದಲು ಕಂಡುಹಿಡಿದದ್ದು ೧೯೮೬ರಲ್ಲಿ, ಮದರಾಸಿನಲ್ಲಿ. ವೈದ್ಯೆ ಸುನೀತಿ ಸೋಲೊಮನ್ ಅವರ ಮಾರ್ಗದರ್ಶನದಲ್ಲಿ ಸೆಲ್ಲಪ್ಪನ್ ನಿರ್ಮಲಾ ಎಂಬ ವಿದ್ಯಾರ್ಥಿನಿ ತನ್ನ ಪ್ರಬಂಧಕ್ಕಾಗಿ ಸಂಗ್ರಹಿಸಿದ ರಕ್ತದ ಮಾದರಿಗಳಿಂದ ಆ ಶೋಧ ಸಾಧ್ಯವಾಯಿತೆಂಬುದನ್ನು ನಮ್ಮ ವಿದ್ಯಾರ್ಥಿಮಿತ್ರರು ವಿಶೇಷವಾಗಿ ಗಮನಿಸಬೇಕು.

ಆಗ ಈ ಹೆಸರು ಮರಣಶಾಸನವೇ ಆಗಿದ್ದಿತು. ಇಂದು ಹಾಗಿಲ್ಲ. ೧೯೯೬ರ ಸುಮಾರಿಗೆ ಮೂರು ಔಷಧಗಳನ್ನು ಒಟ್ಟಿಗೆ ಕೊಡುವ ಚಿಕಿತ್ಸೆ ಬಂದಿತು. ೨೦೦೪ರ ಏಪ್ರಿಲ್ ಒಂದರಿಂದ ಭಾರತ ಸರ್ಕಾರ ಈ ಔಷಧಗಳನ್ನು ಉಚಿತವಾಗಿ ಕೊಡಲಾರಂಭಿಸಿತು. ೨೦೧೫ರಲ್ಲಿ ಪ್ರಕಟವಾದ ಒಂದು ದೊಡ್ಡ ಪ್ರಯೋಗದಲ್ಲಿ ೩೫ ದೇಶಗಳ ೪,೬೮೫ ಮಂದಿ ಭಾಗವಹಿಸಿದ್ದರು. ತಡಮಾಡದೆ ಔಷಧ ಆರಂಭಿಸಿದವರಲ್ಲಿ ಗಂಭೀರ ಕಾಯಿಲೆ ಮತ್ತು ಸಾವಿನ ಅಪಾಯವು, ಔಷಧವನ್ನು ಮುಂದಕ್ಕೆ ಹಾಕಿದವರಿಗಿಂತ ಶೇಕಡ ೫೭ರಷ್ಟು ಕಡಿಮೆಯಾಗಿರುವುದು ಅದರಿಂದ ತಿಳಿಯಿತು. ೨೦೧೭ರಿಂದ ನಮ್ಮ ದೇಶದಲ್ಲಿಯೂ ಸೋಂಕು ಪತ್ತೆಯಾದ ಎಲ್ಲರಿಗೂ ತಡವಿಲ್ಲದೆ ಔಷಧ ಕೊಡುವ ನೀತಿ ಜಾರಿಗೆ ಬಂದಿದೆ. ಹಿಂದೆ ಹಿಡಿತುಂಬ ನುಂಗಬೇಕಾಗಿದ್ದ ಗುಳಿಗೆಗಳ ಸ್ಥಾನದಲ್ಲಿ ಈಗ ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಎಂಬ ಮೂರನ್ನೂ ಒಳಗೊಂಡ ದಿನಕ್ಕೊಂದೇ ಗುಳಿಗೆ ಸಾಕಾಗುತ್ತದೆ.

ಇದಕ್ಕಿಂತಲೂ ಮಹತ್ವದ ಇನ್ನೊಂದು ಸಂಗತಿಯುಂಟು. ಔಷಧವನ್ನು ಕ್ರಮವಾಗಿ ಸೇವಿಸಿ, ರಕ್ತದಲ್ಲಿ ವೈರಸ್ಸಿನ ಪ್ರಮಾಣ ಪರೀಕ್ಷೆಗೆ ಸಿಕ್ಕದಷ್ಟು ತಗ್ಗಿದಾಗ ಆ ವ್ಯಕ್ತಿಯಿಂದ ಲೈಂಗಿಕ ಸಂಪರ್ಕದ ಮೂಲಕ ಸೋಂಕು ಇನ್ನೊಬ್ಬರಿಗೆ ಹರಡುವುದಿಲ್ಲ. ಯೂರೋಪಿನ ೧೪ ದೇಶಗಳಲ್ಲಿ ನಡೆದು ೨೦೧೬ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಒಬ್ಬರಿಗೆ ಸೋಂಕಿದ್ದು ಇನ್ನೊಬ್ಬರಿಗೆ ಇಲ್ಲದಿದ್ದ ೮೮೮ ಜೋಡಿಗಳನ್ನು ಪರಿಶೀಲಿಸಿದರು; ಔಷಧ ತೆಗೆದುಕೊಳ್ಳುತ್ತಿದ್ದ ಸಂಗಾತಿಯಿಂದ ಸೋಂಕು ತಗಲಿದ ಪ್ರಸಂಗ ಒಂದೂ ದೊರೆಯಲಿಲ್ಲ. ೨೦೧೯ರಲ್ಲಿ ಪ್ರಕಟವಾದ ಅದರ ಎರಡನೆಯ ಭಾಗವೂ ಇದನ್ನೇ ದೃಢಪಡಿಸಿತು. ಇನ್ನು ಕೈಕುಲುಕುವುದರಿಂದ, ಒಂದೇ ತಟ್ಟೆಯಲ್ಲಿ ಉಣ್ಣುವುದರಿಂದ, ಮಗುವನ್ನು ಎತ್ತಿ ಮುದ್ದಾಡುವುದರಿಂದ ಈ ಸೋಂಕು ಎಂದೂ ಹರಡಿದ್ದಲ್ಲ.

ವಿಜ್ಞಾನವು ತನ್ನ ಪಾಲಿನ ಕೆಲಸವನ್ನು ಬಹುಮಟ್ಟಿಗೆ ಮಾಡಿದೆಯೆಂದು ಇದರಿಂದ ಸ್ಪಷ್ಟವಾಗುತ್ತದೆ. ಹಾಗಿದ್ದರೂ ೨೦೨೪ರಲ್ಲಿ ಲೋಕದಾದ್ಯಂತ ಸುಮಾರು ೬ ಲಕ್ಷ ೩೦ ಸಾವಿರ ಜನ ಈ ರೋಗಕ್ಕೆ ಸಂಬಂಧಿಸಿದ ಕಾರಣಗಳಿಂದ ಮೃತರಾದರು. ನಮ್ಮ ದೇಶದಲ್ಲಿ ಸುಮಾರು ೨೫ ಲಕ್ಷ ಜನ ಈ ಸೋಂಕಿನೊಡನೆ ಬಾಳುತ್ತಿದ್ದಾರೆ. ಅವರ ಸಂಖ್ಯೆ ಹೆಚ್ಚಾಗಿರುವ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಗುಳಿಗೆ ಉಚಿತವಾಗಿ ದೊರೆಯುವಾಗಲೂ ಅದು ಬೇಕಾದವರ ಬಾಯಿಗೆ ಏಕೆ ಸೇರುವುದಿಲ್ಲ? ಭಯ, ನಾಚಿಕೆ, ಬಡತನ, ದೂರ, ತಪ್ಪು ತಿಳಿವಳಿಕೆ—ಇವು ಪ್ರಯೋಗಶಾಲೆಯಲ್ಲಿ ಪತ್ತೆಯಾಗತಕ್ಕ ವೈರಸ್ಸುಗಳಲ್ಲ. ಫಲಿತಾಂಶ ತಿಳಿದ ಮೊದಲ ಕೆಲವು ವಾರಗಳಲ್ಲಿ ಇವುಗಳ ಹಾವಳಿ ಅತ್ಯಂತ ಪ್ರಬಲವಾಗಿರುತ್ತದೆ. ಆಗ ಕೈಹಿಡಿಯುವವರಿದ್ದರೆ ಆ ವ್ಯಕ್ತಿ ಚಿಕಿತ್ಸೆಯ ದಾರಿಗೆ ಬರುತ್ತಾನೆ, ಇಲ್ಲದಿದ್ದರೆ ಮರೆಯಾಗುತ್ತಾನೆ. ನಮ್ಮ ಪ್ರಶ್ನೆಯ ತೂಕವಿರುವುದು ಇಲ್ಲಿ.

ಈಗ ಯಂತ್ರದ ವಿಷಯಕ್ಕೆ ಬರೋಣ. ಸಂವಾದಯಂತ್ರಗಳಲ್ಲಿ ಎರಡು ಬಗೆ. ಒಂದನೆಯದು, ತಜ್ಞರು ಮುಂಚೆಯೇ ಬರೆದಿಟ್ಟ ಉತ್ತರಗಳನ್ನು ಪ್ರಶ್ನೆಗೆ ತಕ್ಕಂತೆ ಹುಡುಕಿಕೊಡುವುದು. ಇದನ್ನು ಮಾತನಾಡುವ ಕೈಪಿಡಿ ಎನ್ನಬಹುದು. ಎರಡನೆಯದು, ಅಪಾರವಾದ ಬರಹದ ರಾಶಿಯನ್ನು ಓದಿ, ಒಂದು ಪದದ ಮುಂದೆ ಯಾವ ಪದ ಬರುವ ಸಂಭವ ಹೆಚ್ಚೆಂಬುದನ್ನು ಗಣಿಸಿ, ವಾಕ್ಯವನ್ನು ಆಗಿಂದಾಗಲೇ ನೇಯುವುದು. ಮೊದಲನೆಯದರ ಭಾಷೆ ಒರಟು, ಆದರೆ ಅದು ಹೇಳುವುದೆಲ್ಲವನ್ನೂ ಯಾರೋ ಒಬ್ಬ ವೈದ್ಯರು ಓದಿ ಒಪ್ಪಿರುತ್ತಾರೆ. ಎರಡನೆಯದರ ಭಾಷೆ ಸೊಗಸು, ಆದರೆ ಅದು ಮುಂದಿನ ಕ್ಷಣದಲ್ಲಿ ಏನು ಹೇಳುವುದೆಂದು ಅದನ್ನು ಕಟ್ಟಿದವರೂ ಪೂರ್ಣವಾಗಿ ಬಲ್ಲವರಲ್ಲ.

ಯಂತ್ರದೊಡನೆ ಮನಬಿಚ್ಚಿ ಮಾತನಾಡುವ ಚಪಲ ಮನುಷ್ಯನಿಗೆ ಹೊಸದಲ್ಲ. ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿದ್ದ ಜೋಸೆಫ್ ವೈಜನ್‌ಬಾಮ್ ಎಂಬಾತ ೧೯೬೬ರಲ್ಲಿ ಎಲೈಜಾ ಎಂಬ ಪ್ರೋಗ್ರಾಮನ್ನು ಪ್ರಕಟಿಸಿದ. ಬಳಸುವವರು ಬರೆದ ವಾಕ್ಯವನ್ನೇ ತಿರುಗಿಸಿ ಪ್ರಶ್ನೆಯಾಗಿ ಮಾಡಿ, ಮನೋವೈದ್ಯನಂತೆ ನಟಿಸುವುದು ಅದರ ಒಟ್ಟು ಬಂಡವಾಳ. ಅದಕ್ಕೆ ಅರ್ಥವೆಂಬುದೇ ತಿಳಿಯದು. ಹೀಗಿದ್ದೂ, ಅದು ತಯಾರಾಗುತ್ತಿದ್ದುದನ್ನು ಕಣ್ಣಾರೆ ಕಂಡಿದ್ದ ಆತನ ಕಾರ್ಯದರ್ಶಿಯೇ ಅದರೊಡನೆ ಮಾತಿಗೆ ಕುಳಿತು, ಸ್ವಲ್ಪ ಹೊತ್ತಿನಲ್ಲೇ ವೈಜನ್‌ಬಾಮನನ್ನು ಕೋಣೆಯಿಂದ ಹೊರಗೆ ಹೋಗಬೇಕೆಂದು ಕೇಳಿಕೊಂಡಳಂತೆ! ಈ ಅನುಭವದಿಂದ ಬೆದರಿದ ಆತ, ೧೯೭೬ರಲ್ಲಿ ಬರೆದ ಗ್ರಂಥದಲ್ಲಿ, ಯಂತ್ರಕ್ಕೆ ಒಪ್ಪಿಸಬಾರದ ಕೆಲಸಗಳು ಕೆಲವುಂಟೆಂದು ವಾದಿಸಿದ. ಮನುಷ್ಯ ಯಂತ್ರದ ಮುಂದೆ ಬಾಯಿ ಬಿಡುತ್ತಾನೆಂಬುದು ಇದರಿಂದ ಸಿದ್ಧವಾಯಿತು. ಬಾಯಿ ಬಿಟ್ಟವನಿಗೆ ಹಿತವಾಗುವುದೆ ಎಂಬುದು ಬೇರೆಯ ಪ್ರಶ್ನೆ. ಇದಕ್ಕೆ ಪ್ರಯೋಗವೇ ಉತ್ತರ ಹೇಳಬೇಕು.

ಸಂದೇಶಗಳ ಮೂಲಕ ಎಚ್.ಐ.ವಿ. ಸೋಂಕಿತರಿಗೆ ನೆರವಾಗುವ ಪ್ರಯೋಗಗಳಲ್ಲಿ ಮೂರನ್ನು ವಾಚಕರ ಮುಂದಿಡುತ್ತೇವೆ. ಇವು ಈಗಿನ ಜಾಣ ಯಂತ್ರಗಳಿಗಿಂತ ಹಿಂದಿನವು. ಆದರೂ ಇವುಗಳ ಪಾಠ ಹಳೆಯದಾಗಿಲ್ಲ.

ಮೊದಲನೆಯದು ಕೀನ್ಯಾ ದೇಶದ್ದು, ೨೦೧೦ರಲ್ಲಿ ಪ್ರಕಟವಾದುದು. ಹೊಸದಾಗಿ ಔಷಧ ಆರಂಭಿಸಿದ ೫೩೮ ಮಂದಿಯನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನವರಿಗೆ ವಾರಕ್ಕೊಮ್ಮೆ ಸ್ವಾಹಿಲಿ ಭಾಷೆಯಲ್ಲಿ ‘ಮಾಂಬೊ?’ ಎಂಬ ಒಂದೇ ಪದದ ಸಂದೇಶ ಹೋಗುತ್ತಿತ್ತು, ‘ಹೇಗಿದ್ದೀರಿ?’ ಎಂದು ಅದರ ತಾತ್ಪರ್ಯ. ‘ಸಾವಾ’ ಎಂದರೆ ಕ್ಷೇಮ, ‘ಶೀದಾ’ ಎಂದರೆ ತೊಂದರೆ. ಎರಡರಲ್ಲಿ ಒಂದನ್ನು ಅವರು ಮರಳಿ ಬರೆಯಬೇಕು. ತೊಂದರೆಯೆಂದು ಬರೆದವರಿಗೂ, ಎರಡು ದಿನವಾದರೂ ಉತ್ತರಿಸದವರಿಗೂ ಆಸ್ಪತ್ರೆಯ ಸಿಬ್ಬಂದಿ ತಾವೇ ದೂರವಾಣಿ ಮಾಡಿ ವಿಚಾರಿಸುತ್ತಿದ್ದರು. ವರ್ಷದ ಕೊನೆಯಲ್ಲಿ ಸಂದೇಶ ಪಡೆದ ಗುಂಪಿನಲ್ಲಿ ಶೇಕಡ ೬೨ ಜನರೂ, ಪಡೆಯದ ಗುಂಪಿನಲ್ಲಿ ಶೇಕಡ ೫೦ ಜನರೂ ಔಷಧವನ್ನು ಕ್ರಮವಾಗಿ ಸೇವಿಸಿದ್ದರು. ವೈರಸ್ಸು ಹತೋಟಿಗೆ ಬಂದವರ ಪ್ರಮಾಣ ಕ್ರಮವಾಗಿ ಶೇಕಡ ೫೭ ಮತ್ತು ೪೮. ಒಂದು ಪದದ ಸಂದೇಶಕ್ಕೆ ಇಷ್ಟು ಫಲ!

ಎರಡನೆಯದು ನಮ್ಮ ದಕ್ಷಿಣ ಭಾರತದ್ದು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಅನಿತಾ ಶೇಟ್ ಮತ್ತು ಅವರ ಸಹೋದ್ಯೋಗಿಗಳು ಸ್ವೀಡನ್ ದೇಶದ ವಿಜ್ಞಾನಿಗಳೊಡನೆ ಸೇರಿ ನಡೆಸಿದ ಈ ಪ್ರಯೋಗ ೨೦೧೪ರಲ್ಲಿ ಪ್ರಕಟವಾಯಿತು. ಔಷಧ ಆರಂಭಿಸಿದ ೬೩೧ ಮಂದಿ ಇದರಲ್ಲಿದ್ದರು. ಅರ್ಧದಷ್ಟು ಜನರಿಗೆ ವಾರಕ್ಕೊಮ್ಮೆ ಸ್ವಯಂಚಾಲಿತವಾದ ಧ್ವನಿಕರೆಯೂ ಒಂದು ಚಿತ್ರಸಂದೇಶವೂ ಹೋಗುತ್ತಿದ್ದುವು. ಸುಮಾರು ಎರಡು ವರ್ಷ ಕಾದು ನೋಡಿದಾಗ, ಚಿಕಿತ್ಸೆ ವಿಫಲವಾಗುವ ಪ್ರಮಾಣದಲ್ಲಿ ಎರಡು ಗುಂಪುಗಳಿಗೂ ಗಣನೀಯವಾದ ವ್ಯತ್ಯಾಸವೇ ಕಾಣಲಿಲ್ಲ.

ಈ ಎರಡನ್ನು ಮಾತ್ರ ಓದಿದವರು, ಹಿಂದೆ ಮನುಷ್ಯನಿದ್ದರೆ ಸಂದೇಶ ಗೆಲ್ಲುತ್ತದೆ, ಇಲ್ಲದಿದ್ದರೆ ಸೋಲುತ್ತದೆ ಎಂದು ತೀರ್ಮಾನಿಸಿಬಿಡುವರು. ಆದರೆ ಮೂರನೆಯ ಪ್ರಯೋಗವೂ ಉಂಟು. ಕೀನ್ಯಾದ ಅದೇ ‘ಮಾಂಬೊ?’ ಸಂದೇಶವನ್ನು ನೈರೋಬಿಯ ಕಿಬೇರ ಎಂಬ ಬಡವರ ಕೇರಿಯಲ್ಲಿ, ಸೋಂಕು ಹೊಸದಾಗಿ ಪತ್ತೆಯಾದ ೭೦೦ ಮಂದಿಯಲ್ಲಿ ಪರೀಕ್ಷಿಸಿದರು. ಫಲಿತಾಂಶ ೨೦೧೮ರಲ್ಲಿ ಪ್ರಕಟವಾಯಿತು. ವರ್ಷದ ಕೊನೆಗೆ ಆಸ್ಪತ್ರೆಯ ಆರೈಕೆಯಲ್ಲಿ ಉಳಿದವರು ಸಂದೇಶ ಪಡೆದ ಗುಂಪಿನಲ್ಲಿ ಶೇಕಡ ೭೯, ಪಡೆಯದ ಗುಂಪಿನಲ್ಲಿ ಶೇಕಡ ೮೧. ಎಂದರೆ ಏನೂ ಭೇದವಿಲ್ಲ. ಸಂದೇಶದ ಹಿಂದೆ ಮನುಷ್ಯನಿದ್ದರೂ ಇಲ್ಲಿ ಅದು ಪ್ರಯೋಜನಕ್ಕೆ ಬರಲಿಲ್ಲ.

ವಿಜ್ಞಾನದ ವಿದ್ಯಾರ್ಥಿಗೆ ಇಂತಹ ಒಗಟು ಬೇಸರವನ್ನುಂಟುಮಾಡಬಾರದು. ಮೂರು ಪ್ರಯೋಗಗಳೂ ಒಂದೇ ಪ್ರಶ್ನೆಯನ್ನು ಕೇಳಿದುವಲ್ಲ. ಗುಳಿಗೆ ಮನೆಯಲ್ಲಿ ಇದ್ದು ಅದನ್ನು ನುಂಗಲು ನೆನಪೂ ಧೈರ್ಯವೂ ಬೇಕಾದವರಿಗೆ ‘ಹೇಗಿದ್ದೀರಿ?’ ಎಂಬ ಮಾತು ಬಲ ಕೊಡಬಹುದು. ಕೂಲಿ ಬಿಟ್ಟು ಆಸ್ಪತ್ರೆಗೆ ಬರಲಾಗದವರಿಗೆ, ಬಸ್ಸಿನ ಹಣವಿಲ್ಲದವರಿಗೆ, ಊರು ಬಿಟ್ಟು ಹೋಗಬೇಕಾದವರಿಗೆ ಆ ಮಾತಿನಿಂದ ಕಷ್ಟ ತೀರದು. ಸಂದೇಶವು ದಾರಿ ತೋರಿಸಬಲ್ಲುದು. ದಾರಿಯೇ ಇಲ್ಲದ ಕಡೆ ದಾರಿಯನ್ನು ನಿರ್ಮಿಸಲಾರದು. ಸಂವಾದಯಂತ್ರದ ವಿಷಯದಲ್ಲಿ ನಮ್ಮ ಅಭಿಪ್ರಾಯವೆಲ್ಲ ಈ ಒಂದು ತಿಳಿವಳಿಕೆಯ ಮೇಲೆ ನಿಂತಿದೆ.

ಇವುಗಳ ಪಕ್ಕದಲ್ಲಿ ಯಂತ್ರವಲ್ಲದ ಒಂದು ಉಪಾಯವನ್ನೂ ಇಟ್ಟು ನೋಡಬೇಕು. ಜಿಂಬಾಬ್ವೆ ದೇಶದಲ್ಲಿ ‘ಜ್ವಾಂಡಿರಿ’ ಎಂಬ ಕಾರ್ಯಕ್ರಮ ನಡೆದಿದೆ. ಶೋನಾ ಭಾಷೆಯಲ್ಲಿ ‘ನಾನು ಇರುವಂತೆಯೇ’ ಎಂದು ಅದರ ಅರ್ಥ. ಎಚ್.ಐ.ವಿ.ಯೊಡನೆ ಬಾಳುತ್ತಿರುವ ತರುಣ ತರುಣಿಯರೇ ತರಬೇತು ಪಡೆದು, ತಮ್ಮಂತೆಯೇ ಸೋಂಕಿರುವ ಹುಡುಗ ಹುಡುಗಿಯರ ಮನೆಗಳಿಗೆ ಹೋಗಿ, ಕೂಡಿ ಕುಳಿತು, ಮಾತನಾಡಿ, ಆಸ್ಪತ್ರೆಗೆ ಕರೆದೊಯ್ಯುತ್ತಾರೆ. ೨೦೨೦ರಲ್ಲಿ ಪ್ರಕಟವಾದ ಪ್ರಯೋಗದ ಪ್ರಕಾರ, ಎರಡು ವರ್ಷಗಳ ಬಳಿಕ ವೈರಸ್ಸು ಹತೋಟಿ ತಪ್ಪಿದವರು ಅಥವಾ ಮೃತರಾದವರು ಸಾಮಾನ್ಯ ಆರೈಕೆ ಪಡೆದ ಗುಂಪಿನಲ್ಲಿ ಶೇಕಡ ೩೬ ಇದ್ದರೆ, ಈ ಸಂಗಾತಿಗಳ ನೆರವು ಪಡೆದ ಗುಂಪಿನಲ್ಲಿ ಶೇಕಡ ೨೫ ಮಾತ್ರ ಇದ್ದರು. ‘ನಾನೂ ಇದೇ ಹೊಳೆಯನ್ನು ದಾಟಿ ಬಂದವಳು’ ಎಂದು ಹೇಳಬಲ್ಲವರ ಮಾತಿಗೆ ಇರುವ ತೂಕ ಬೇರೆ. ಯಂತ್ರ ಆ ಮಾತನ್ನು ಹೇಳಿದರೆ ಅದು ಸುಳ್ಳಾಗುತ್ತದೆ.

ಹಾಗಾದರೆ ಯಂತ್ರವನ್ನು ಆಚೆಗೆ ಎಸೆದುಬಿಡಬೇಕೆ? ಕೂಡದು. ಅದಕ್ಕೂ ಕೆಲವು ಗುಣಗಳುಂಟು. ಅದಕ್ಕೆ ನಿದ್ರೆಯಿಲ್ಲ, ರಾತ್ರಿ ಎರಡು ಗಂಟೆಗೆ ಕೇಳಿದರೂ ಉತ್ತರಿಸುತ್ತದೆ. ಅದಕ್ಕೆ ಬೇಸರವಿಲ್ಲ, ಒಂದೇ ಪ್ರಶ್ನೆಯನ್ನು ಹತ್ತು ಸಲ ಕೇಳಿದರೂ ಗದರುವುದಿಲ್ಲ. ಅದರ ಮುಖದಲ್ಲಿ ತಾತ್ಸಾರ ಮೂಡುವುದಿಲ್ಲ. ಮದುವೆಯಾಗದ ಹುಡುಗಿಯೊಬ್ಬಳು ಎದುರಿಗೆ ಕುಳಿತವರನ್ನು ಕೇಳಲು ನಾಚುವ ಪ್ರಶ್ನೆಯನ್ನು ಅದನ್ನು ಕೇಳಬಲ್ಲಳು. ಈ ಉದ್ದೇಶದಿಂದಲೇ ಬ್ರೆಜಿಲ್ ದೇಶದಲ್ಲಿ ತರುಣರಿಗೆ ಸೋಂಕು ತಡೆಯುವ ಔಷಧದ ವಿಷಯ ತಿಳಿಸಲು ‘ಅಮಾಂಡ ಸೆಲ್ಫಿ’ ಎಂಬ ಸಂವಾದಯಂತ್ರವನ್ನು ಬಳಸಿದರು. ನಮ್ಮಲ್ಲಿ ಪಾಪ್ಯುಲೇಷನ್ ಫೌಂಡೇಷನ್ ಆಫ್ ಇಂಡಿಯಾ ಸಂಸ್ಥೆಯವರು ಹಿಂದಿ ಇಂಗ್ಲಿಷ್ ಬೆರೆತ ಮಾತಿನಲ್ಲಿ ತರುಣರ ಆರೋಗ್ಯದ ಪ್ರಶ್ನೆಗಳಿಗೆ ಉತ್ತರಿಸುವ ‘ಸ್ನೇಹ್ ಎ.ಐ.’ ಎಂಬುದನ್ನು ರಚಿಸಿದರು. ಆಸ್ಪತ್ರೆಗಳಲ್ಲಿಯೂ ಸೋಂಕಿತರನ್ನು ಹೀನವಾಗಿ ಕಂಡವರು ಇಲ್ಲವೆಂದು ಯಾರೂ ಹೇಳಲಾರರು. ಹೀಯಾಳಿಸುವ ಮನುಷ್ಯನಿಗಿಂತ ಹೀಯಾಳಿಸದ ಯಂತ್ರ ಮೇಲೆಂದು ಒಬ್ಬರು ಹೇಳಿದರೆ, ಆ ಮಾತಿನಲ್ಲಿ ನಮ್ಮ ಸಮಾಜಕ್ಕೆ ಸಲ್ಲತಕ್ಕ ಪೆಟ್ಟು ಇದೆಯೆಂದು ನಾವು ಒಪ್ಪುತ್ತೇವೆ.

ಆದರೆ ಅಪಾಯಗಳನ್ನೂ ಎಣಿಸಬೇಕು. ಮೊದಲನೆಯದು ತಪ್ಪು ಉತ್ತರದ ಅಪಾಯ. ಒಂದು ಉದಾಹರಣೆ ನೋಡೋಣ. ಡೊಲುಟೆಗ್ರಾವಿರ್ ನುಂಗುವ ವ್ಯಕ್ತಿಗೆ ಎದೆಯುರಿ ಬಂದಿತು; ಆಮ್ಲವನ್ನು ತಗ್ಗಿಸುವ ಸಾಮಾನ್ಯ ಔಷಧವನ್ನು ಕುಡಿಯಬಹುದೆ ಎಂದು ಯಂತ್ರವನ್ನು ಕೇಳುತ್ತಾನೆ. ಕುಡಿಯಬಹುದು ಎಂಬುದು ಸಾಮಾನ್ಯರಿಗೆ ಸಲ್ಲುವ ಉತ್ತರ. ಇವನಿಗಾದರೋ ಅದು ಅರ್ಧಸತ್ಯ. ಅಂತಹ ಔಷಧದಲ್ಲಿರುವ ಅಲ್ಯೂಮಿನಿಯಂ, ಮೆಗ್ನೀಸಿಯಂ ಅಯಾನುಗಳು ಹೊಟ್ಟೆಯಲ್ಲಿ ಡೊಲುಟೆಗ್ರಾವಿರ್ ಅಣುಗಳನ್ನು ಹಿಡಿದುಕೊಂಡು ರಕ್ತಕ್ಕೆ ಸೇರಗೊಡುವುದಿಲ್ಲ. ಆದುದರಿಂದ ಗುಳಿಗೆಯನ್ನು ಅದಕ್ಕೆ ಎರಡು ಗಂಟೆ ಮೊದಲು ಅಥವಾ ಆರು ಗಂಟೆ ಅನಂತರ ನುಂಗಬೇಕು. ಕ್ಷಯರೋಗಕ್ಕಾಗಿ ರಿಫಾಂಪಿಸಿನ್ ಸೇವಿಸುವವರಿಗೆ ಡೊಲುಟೆಗ್ರಾವಿರ್ ದಿನಕ್ಕೆ ಎರಡು ಸಲ ಬೇಕಾಗುತ್ತದೆ. ಇಂತಹ ಸೂಕ್ಷ್ಮಗಳನ್ನು ಬಿಟ್ಟು ಸೊಗಸಾಗಿ ಮಾತನಾಡುವ ಯಂತ್ರವು, ತೊದಲುತ್ತ ನಿಜ ಹೇಳುವ ಯಂತ್ರಕ್ಕಿಂತ ಅಪಾಯಕಾರಿ. ಅಮೆರಿಕದಲ್ಲಿ ಆಹಾರಸೇವನೆಯ ಮನೋವ್ಯಾಧಿಗಳಿಂದ ನರಳುವವರಿಗಾಗಿ ಒಂದು ರಾಷ್ಟ್ರೀಯ ಸಂಸ್ಥೆ ಬಳಕೆಗೆ ತಂದಿದ್ದ ‘ಟೆಸ್ಸಾ’ ಎಂಬ ಸಂವಾದಯಂತ್ರವು ಅವರಿಗೇ ತೂಕ ಇಳಿಸುವ ಉಪದೇಶ ಕೊಟ್ಟುದರಿಂದ ೨೦೨೩ರಲ್ಲಿ ಅದನ್ನು ಹಿಂತೆಗೆಯಬೇಕಾಯಿತು.

ಎರಡನೆಯದು ಗುಟ್ಟು ರಟ್ಟಾಗುವ ಅಪಾಯ. ೨೦೧೮ರಲ್ಲಿ ಗ್ರೈಂಡರ್ ಎಂಬ ಸ್ನೇಹಸಂಪರ್ಕದ ಆ್ಯಪು ತನ್ನ ಬಳಕೆದಾರರು ನಮೂದಿಸಿದ್ದ ಎಚ್.ಐ.ವಿ. ವಿವರವನ್ನು ಬೇರೆ ಎರಡು ಕಂಪನಿಗಳಿಗೆ ಕಳುಹಿಸುತ್ತಿದ್ದುದು ಬೆಳಕಿಗೆ ಬಂದಿತು. ೨೦೧೯ರ ಜನವರಿಯಲ್ಲಿ ಸಿಂಗಪುರದ ಸರ್ಕಾರಿ ದಾಖಲೆಯಿಂದ ೧೪,೨೦೦ ಸೋಂಕಿತರ ವಿವರಗಳು ಸೋರಿಹೋದ ಸಂಗತಿ ಪ್ರಕಟವಾಯಿತು. ನಮ್ಮ ದೇಶದಲ್ಲಿ ೨೦೧೭ರಲ್ಲಿ ಅಂಗೀಕೃತವಾಗಿ ೨೦೧೮ರ ಸೆಪ್ಟೆಂಬರ್ ೧೦ರಿಂದ ಜಾರಿಯಲ್ಲಿರುವ ಎಚ್.ಐ.ವಿ. ಕಾಯಿದೆಯ ಪ್ರಕಾರ, ಒಬ್ಬರ ಸೋಂಕಿನ ವಿಷಯವನ್ನು ಅವರ ಒಪ್ಪಿಗೆಯಿಲ್ಲದೆ ಬಹಿರಂಗಪಡಿಸತಕ್ಕದ್ದಲ್ಲ. ಅಂತಹ ಮಾಹಿತಿಯನ್ನು ಇಟ್ಟುಕೊಂಡಿರುವ ಸಂಸ್ಥೆ ಅದನ್ನು ರಕ್ಷಿಸುವ ಏರ್ಪಾಡು ಮಾಡತಕ್ಕದ್ದು. ಯಂತ್ರಕ್ಕೂ ಈ ಕಟ್ಟಳೆ ಸಲ್ಲಬೇಕು. ಇದಲ್ಲದೆ ನಮ್ಮ ಮನೆಗಳ ಸ್ಥಿತಿಯನ್ನೂ ನೆನೆಯಬೇಕು. ಎಷ್ಟೋ ಮನೆಗಳಲ್ಲಿ ಒಂದು ಫೋನನ್ನು ನಾಲ್ವರು ಬಳಸುತ್ತಾರೆ. ಹೆಂಡತಿಯ ಫೋನನ್ನು ಗಂಡ, ಅಕ್ಕನ ಫೋನನ್ನು ತಮ್ಮ ತೆರೆದು ನೋಡುತ್ತಾರೆ. ಗೂಢಲಿಪಿಯಲ್ಲಿ ಬಂದ ಸಂದೇಶವೂ ತೆರೆಯ ಮೇಲೆ ಸ್ಪಷ್ಟವಾಗಿಯೇ ಕಾಣುತ್ತದೆ. ಮೇಲೆ ಹೇಳಿದ ‘ಮಾಂಬೊ?’ ಎಂಬ ಮಾತಿನ ಜಾಣ್ಮೆ ಇಲ್ಲಿದೆ: ಅದನ್ನು ಬೇರೆ ಯಾರು ಓದಿದರೂ ಅದರಲ್ಲಿ ರೋಗದ ಸುಳಿವಿಲ್ಲ.

ಮೂರನೆಯದು ಭಾಷೆಯ ತೊಡಕು. ಕನ್ನಡದಲ್ಲಿ ಓದಿ ಕಲಿಯಲು ಯಂತ್ರಕ್ಕೆ ದೊರೆತಿರುವ ಬರಹ ಇಂಗ್ಲಿಷಿನ ಮುಂದೆ ಅತ್ಯಲ್ಪ. ‘ಪಾಸಿಟಿವ್’ ಎಂಬ ಮಾತು ಒಳ್ಳೆಯ ಸುದ್ದಿಯಂತೆ ಕೇಳುತ್ತದೆ. ‘ಪೀಡಿತ’ ಎಂಬ ಮಾತು ಬಾಳೇ ಮುಗಿಯಿತೆಂಬಂತೆ ಧ್ವನಿಸುತ್ತದೆ. ಎಚ್.ಐ.ವಿ. ಸೋಂಕಿಗೂ ಏಡ್ಸ್ ಸ್ಥಿತಿಗೂ ಇರುವ ವ್ಯತ್ಯಾಸ ನಮ್ಮ ಪತ್ರಿಕೆಗಳಲ್ಲಿಯೇ ಎಷ್ಟೋ ಸಲ ಮರೆತುಹೋಗುತ್ತದೆ. ನಮ್ಮ ಹಳ್ಳಿಯ ಹೆಂಗಸು ‘ನೆತ್ತರು ಕೆಟ್ಟಿದೆಯಂತೆ’ ಎಂದು ಬರೆದರೆ, ‘ಜೀವ ಬೇಡವಾಗಿದೆ’ ಎಂದು ನಿಟ್ಟುಸಿರಿಟ್ಟರೆ, ಅದರ ಭಾರ ಯಂತ್ರಕ್ಕೆ ತಿಳಿಯಬೇಕು. ಬೆಳಗಾವಿಯ ಕನ್ನಡವೂ ಮಂಗಳೂರಿನ ಕನ್ನಡವೂ ಚಾಮರಾಜನಗರದ ಕನ್ನಡವೂ ಅದಕ್ಕೆ ಅರ್ಥವಾಗಬೇಕು. ಅದನ್ನು ಪರೀಕ್ಷಿಸದೆ ಇಂಗ್ಲಿಷಿನ ಉತ್ತರಗಳನ್ನು ಕನ್ನಡಕ್ಕೆ ತಿರುಗಿಸಿ ಹಂಚುವುದು ಜವಾಬ್ದಾರಿಯ ಕೆಲಸವಲ್ಲ.

ನಾಲ್ಕನೆಯದು ಎಲ್ಲಕ್ಕಿಂತ ಗಂಭೀರವಾದುದು. ಫಲಿತಾಂಶ ತಿಳಿದ ಮೊದಲ ದಿನಗಳಲ್ಲಿ ಕೆಲವರಿಗೆ ಪ್ರಾಣ ಕಳೆದುಕೊಳ್ಳುವ ಯೋಚನೆ ಬರುವುದುಂಟು. ಆ ಗಳಿಗೆಯಲ್ಲಿ ಬೇಕಾದುದು ನುಣುಪಾದ ವಾಕ್ಯವಲ್ಲ. ಬಾಗಿಲು ತಟ್ಟುವ, ದನಿ ಕೇಳಿಸುವ, ‘ನಾಳೆ ಬೆಳಿಗ್ಗೆ ಬನ್ನಿ, ನಾನು ಇರುತ್ತೇನೆ’ ಎಂದು ಹೇಳಿ ಇರುವ ಮನುಷ್ಯ. ನಮ್ಮ ದೇಶದಲ್ಲಿ ಏಡ್ಸ್ ವಿಷಯಕ್ಕೆ ೧೦೯೭ ಎಂಬ ಉಚಿತ ಸಹಾಯವಾಣಿಯಿದೆ. ೨೦೨೨ರ ಅಕ್ಟೋಬರಿನಲ್ಲಿ ಆರಂಭವಾಗಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮೇಲ್ವಿಚಾರಣೆಯಲ್ಲಿ ನಡೆಯುತ್ತಿರುವ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ ಸಂಖ್ಯೆ ೧೪೪೧೬. ಅದರಲ್ಲಿ ಹಗಲು ರಾತ್ರಿ ಕನ್ನಡದಲ್ಲಿಯೂ ಮಾತನಾಡಬಹುದು. ಯಂತ್ರವು ಅಪಾಯದ ಮಾತು ಕಂಡೊಡನೆ ಕರೆಯನ್ನು ಇಂತಹ ಮನುಷ್ಯರಿಗೆ ದಾಟಿಸಬೇಕು. ದಾಟಿಸಲಾರದ ಯಂತ್ರವನ್ನು ಈ ಕೆಲಸಕ್ಕೆ ಹಚ್ಚಲೇಬಾರದು.

ಇನ್ನು ಹಣದ ಮಾತು. ಆಪ್ತಸಮಾಲೋಚಕರಿಗೆ ಸಂಬಳ ಕೊಡಬೇಕು, ಯಂತ್ರಕ್ಕೆ ಸಂಬಳವಿಲ್ಲ, ಬಡ ದೇಶಗಳಿಗೆ ಯಂತ್ರವೇ ಗತಿ ಎಂದು ವಾದಿಸುವವರಿದ್ದಾರೆ. ೨೦೨೫ರ ಜನವರಿಯಲ್ಲಿ ಅಮೆರಿಕ ಸರ್ಕಾರ ತನ್ನ ವಿದೇಶೀ ನೆರವನ್ನು ಹಠಾತ್ತಾಗಿ ನಿಲ್ಲಿಸಿದಾಗ ಆಫ್ರಿಕದ ಅನೇಕ ದೇಶಗಳಲ್ಲಿ ಎಚ್.ಐ.ವಿ. ಕೇಂದ್ರಗಳ ಸಾವಿರಾರು ಕಾರ್ಯಕರ್ತರು ಕೆಲಸ ಕಳೆದುಕೊಂಡರು. ಲೋಕದಲ್ಲೇ ಅತ್ಯಧಿಕ ಸಂಖ್ಯೆಯ ಸೋಂಕಿತರಿರುವ ದಕ್ಷಿಣ ಆಫ್ರಿಕವೂ ಅದರಲ್ಲಿ ಸೇರಿತ್ತು. ಖಾಲಿಯಾದ ಕುರ್ಚಿಯಲ್ಲಿ ಯಂತ್ರವನ್ನು ಕುಳ್ಳಿರಿಸುವ ಆಸೆ ಇಂತಹ ವೇಳೆಯಲ್ಲಿಯೇ ಹುಟ್ಟುವುದು. ಈ ವಾದವನ್ನು ನಾವು ಒಪ್ಪಲಾರೆವು. ‘ಶೀದಾ’ ಎಂಬ ಉತ್ತರ ಬಂದಾಗ ದೂರವಾಣಿ ಎತ್ತುವವರು ಇಲ್ಲದಿದ್ದರೆ, ಆ ಪದವನ್ನು ಬರೆಯಲು ಕೇಳಿದುದೇ ವಂಚನೆಯಾಗುತ್ತದೆ. ಹಣ ಕಡಿಮೆಯಿದ್ದಲ್ಲಿ ಯಂತ್ರವು ಆಪ್ತಸಮಾಲೋಚಕರ ಹೊರೆಯನ್ನು ಇಳಿಸಲಿ: ದಿನಾಂಕ ನೆನಪಿಸಲಿ, ಸಾಮಾನ್ಯ ಪ್ರಶ್ನೆಗಳಿಗೆ ಉತ್ತರಿಸಲಿ, ಹತ್ತಿರದ ಕೇಂದ್ರದ ದಾರಿ ಹೇಳಲಿ. ಹಾಗೆ ಉಳಿದ ಹೊತ್ತನ್ನು ಅವರು ಎದುರಿಗೆ ಕುಳಿತು ಅಳುವವರಿಗೆ ಕೊಡಲಿ. ಅವರ ಕುರ್ಚಿಯನ್ನು ಮಾತ್ರ ಅದು ಕಸಿದುಕೊಳ್ಳದಿರಲಿ.

ನಮ್ಮ ಮತವನ್ನು ಒಟ್ಟುಗೂಡಿಸಿ ಹೇಳುವುದಾದರೆ ಇಷ್ಟು. ಹೊಸದಾಗಿ ಸೋಂಕು ಪತ್ತೆಯಾದವರಿಗೆ ಸಂವಾದಯಂತ್ರದ ನೆರವು ಕೊಡಬಹುದು. ಆದರೆ ಅದು ತಾನು ಯಂತ್ರವೆಂದು ಮೊದಲ ಮಾತಿನಲ್ಲೇ ತಿಳಿಸಬೇಕು. ಔಷಧದ ವಿಷಯದಲ್ಲಿ ವೈದ್ಯರು ಓದಿ ಒಪ್ಪಿದ ಉತ್ತರಗಳನ್ನಲ್ಲದೆ ಬೇರೆ ಹೇಳಬಾರದು. ಹೆಸರು, ಊರು ಕೇಳದೆಯೇ ಉತ್ತರಿಸುವಂತಿರಬೇಕು, ಅಳಿಸೆಂದರೆ ಅಳಿಸಬೇಕು. ಅದರ ಹಿಂದೆ, ಕರೆದರೆ ಓಗೊಡುವ ಮನುಷ್ಯರು ಇರಲೇಬೇಕು. ಅದರ ರಚನೆಯಲ್ಲಿ ಈ ಸೋಂಕಿನೊಡನೆ ಬಾಳುತ್ತಿರುವವರೇ ಮೊದಲಿನಿಂದ ಕೊನೆಯವರೆಗೆ ಕುಳಿತಿರಬೇಕು. ಅಲ್ಲದೆ, ಅದರಿಂದ ಹಿತವಾಯಿತೆ ಇಲ್ಲವೆ ಎಂಬುದನ್ನು ಕೀನ್ಯಾದವರಂತೆ, ಬೆಂಗಳೂರಿನವರಂತೆ, ಎರಡು ಗುಂಪು ಮಾಡಿ ಪ್ರಯೋಗದಿಂದ ತಿಳಿಯಬೇಕು. ಫಲ ಬಾರದಿದ್ದರೆ ಅದನ್ನೂ ಅವರಂತೆಯೇ ಮುಚ್ಚಿಡದೆ ಪ್ರಕಟಿಸಬೇಕು.

ಈ ಪತ್ರಿಕೆಯನ್ನು ಓದುವ ತರುಣರಲ್ಲಿ ಕೆಲವರು ಮುಂದೆ ಇಂತಹ ಯಂತ್ರಗಳನ್ನು ಕಟ್ಟುವರು. ಕೆಲವರು ವೈದ್ಯರಾಗುವರು, ದಾದಿಯರಾಗುವರು. ಆದರೆ ಎಲ್ಲರೂ ಯಾರಿಗಾದರೂ ನೆರೆಹೊರೆಯವರು, ಸಹಪಾಠಿಗಳು, ಒಡಹುಟ್ಟಿದವರು ಆಗಿರುವುದಂತೂ ನಿಶ್ಚಯ. ಸೋಂಕು ಹೇಗೆ ಹರಡುತ್ತದೆ, ಹೇಗೆ ಹರಡುವುದಿಲ್ಲ ಎಂಬುದನ್ನು ಸರಿಯಾಗಿ ತಿಳಿದು, ನಾಲ್ಕು ಜನರ ನಡುವೆ ಯಾರಾದರೂ ಈ ವಿಷಯದಲ್ಲಿ ಕುಚೋದ್ಯ ಮಾಡಿದಾಗ ನಗದೆ ನಿಜವನ್ನು ಹೇಳುವುದಕ್ಕೆ ಯಾವ ಯಂತ್ರವೂ ಬೇಕಾಗಿಲ್ಲ. ಆ ನಾಲ್ವರಲ್ಲಿ ಒಬ್ಬರು ಸೋಂಕಿನ ಗುಟ್ಟನ್ನು ಎದೆಯಲ್ಲಿಟ್ಟುಕೊಂಡು ಸುಮ್ಮನೆ ಕೇಳುತ್ತಿರಬಹುದು. ಮನುಷ್ಯರಲ್ಲಿ ಹೇಳಿಕೊಳ್ಳಬಹುದೆಂಬ ಧೈರ್ಯ ಅಂದು ಅವರಿಗೆ ಬಂದರೆ, ರಾತ್ರಿ ಎರಡು ಗಂಟೆಗೆ ಯಂತ್ರವನ್ನು ಕೇಳಬೇಕಾದ ಪ್ರಶ್ನೆಗಳಲ್ಲಿ ಒಂದಾದರೂ ಕಡಿಮೆಯಾಗುತ್ತದೆ.